ಎತ್ತಿನ ಮನೆಯ ಜಗಲಿಯಿಂದ ಕಂಡ ಊರು

ಸಂಶೋಧನಾ ವಿನ್ಯಾಸ ಅಂದರೆ ಮನೆ ಕಟ್ಟುವ ಮುಂಚೆ ಹಾಕಿಕೊಳ್ಳುವ ನಕ್ಷೆ ಇದ್ದ ಹಾಗೆ ಎಂದು ಸಮಾಜಶಾಸ್ತ್ರದ ಎಂ.ಎ. ನೋಟ್ಸುಗಳಲ್ಲೆಲ್ಲ ಬರೆದಿರುತ್ತದೆ. ನಾನು ಅದನ್ನೇ ಬಾಯಿಪಾಠ ಮಾಡಿ ಪಾಸಾದವನು, ಈಗ ಅದನ್ನೇ ಹುಡುಗರಿಗೆ ಬರೆಸುತ್ತಿರುವವನು. ಪರಿಶೋಧನಾತ್ಮಕ, ವಿವರಣಾತ್ಮಕ, ನಿದಾನಾತ್ಮಕ, ಪ್ರಾಯೋಗಿಕ ಅಂತ ನಾಲ್ಕು ಬಗೆ. ಒಂದೊಂದಕ್ಕೂ ನಾಲ್ಕು ಲಕ್ಷಣ, ಒಂದು ಉದಾಹರಣೆ, ಹತ್ತು ಅಂಕ. ಉದಾಹರಣೆ ಹೆಚ್ಚಾಗಿ ಅಮೆರಿಕದ ಯಾವುದೋ ಕಾರ್ಖಾನೆಯದ್ದಾಗಿರುತ್ತದೆ. ನಕ್ಷೆ ಅನ್ನುವ ಹೋಲಿಕೆ ಮಾತ್ರ ನಮ್ಮ ಊರುಗಳಿಗೇ ಸರಿಯಾಗಿ ಹೊಂದುತ್ತದೆ. ನಮ್ಮಲ್ಲಿ ಮನೆಯ ಗೋಡೆ ಏಳುವ ಮುಂಚೆಯೇ ಯಾರು ಜಗಲಿವರೆಗೆ, ಯಾರು ನಡುಮನೆವರೆಗೆ, ಯಾರು ಬೀದಿಯಲ್ಲೇ ನಿಂತು ಕೂಗಬೇಕು ಅನ್ನುವುದು ತೀರ್ಮಾನವಾಗಿರುತ್ತದೆ. ಸಂಶೋಧನೆಯ ನಕ್ಷೆಯಲ್ಲೂ ಅಷ್ಟೇ. ಯಾರು ಪ್ರಶ್ನೆ ಕೇಳುತ್ತಾರೆ, ಯಾರನ್ನು ಕೇಳುತ್ತಾರೆ, ಯಾರ ಮನೆಯಲ್ಲಿ ಕೂತು ಕೇಳುತ್ತಾರೆ, ಯಾವ ಉತ್ತರಕ್ಕೆ ಫಾರಮ್ಮಿನಲ್ಲಿ ಜಾಗವೇ ಇಲ್ಲ, ಇವೆಲ್ಲ ಮೊದಲೇ ನಿಕ್ಕಿಯಾಗಿರುತ್ತವೆ.

ದಲಿತ ವಿಮರ್ಶೆಯ ವಿಶೇಷಾಂಕಕ್ಕೆ ಇಂಥ ಒಣ ವಿಷಯ ಯಾಕಪ್ಪಾ ಅಂತ ಗೆಳೆಯರು ಕೇಳಬಹುದು. ನಾವು ಕತೆ ಕಾದಂಬರಿಗಳನ್ನು ಹಿಡಿದು, ಇದರಲ್ಲಿ ಕೇರಿ ಎಲ್ಲಿದೆ, ನಿರೂಪಕ ಎಲ್ಲಿ ನಿಂತಿದ್ದಾನೆ ಅಂತ ಕೇಳಲು ಶುರುಮಾಡಿ ಬಹಳ ಕಾಲವಾಯಿತು. ಆ ಕೇಳಿಕೆಯಿಂದ ಕನ್ನಡ ಸಾಹಿತ್ಯಕ್ಕೆ ಒಳ್ಳೆಯದೇ ಆಗಿದೆ. ಸಮಾಜಶಾಸ್ತ್ರಜ್ಞ ಬರೆದ ಊರಿನ ಪುಸ್ತಕವೂ ಒಂದು ಕಥನವೇ. ಅದಕ್ಕೂ ನಿರೂಪಕ ಇದ್ದಾನೆ, ಅವನಿಗೂ ಜಾತಿ ಇದೆ. ಕಾದಂಬರಿಯನ್ನು ಯಾವ ಸರ್ಕಾರವೂ ನಂಬುವುದಿಲ್ಲ. ಸಮಾಜಶಾಸ್ತ್ರದ ಪುಸ್ತಕವನ್ನು ಆಯೋಗಗಳು ನಂಬುತ್ತವೆ, ಕೋರ್ಟುಗಳು ನಂಬುತ್ತವೆ, ಕೆಎಎಸ್, ಐಎಎಸ್ ಪರೀಕ್ಷೆಗೆ ಕೂರುವ ನಮ್ಮ ಹುಡುಗರೂ ನಂಬುತ್ತಾರೆ. ವಿಮರ್ಶೆ ಅಲ್ಲಿಗೂ ಹೋಗಬೇಕು.

ನಾನು ಬಾಡಿಗೆಗಿರುವುದು ಮೈಸೂರಿನ ಚಾಮರಾಜಪುರಂನಲ್ಲಿ. ಇಲ್ಲಿಂದ ಮಹಾರಾಜ ಕಾಲೇಜಿಗೆ ನಡೆದೇ ಹೋಗಬಹುದು. 'ಸಂಸ್ಕೃತೀಕರಣ', 'ಪ್ರಬಲ ಜಾತಿ', 'ವೋಟ್ ಬ್ಯಾಂಕ್' ಎಂಬ ಮಾತುಗಳನ್ನು ಚಲಾವಣೆಗೆ ತಂದ ಎಂ.ಎನ್. ಶ್ರೀನಿವಾಸ್ 1916ರಲ್ಲಿ ಹುಟ್ಟಿದ್ದು ಇದೇ ಮೈಸೂರಿನಲ್ಲಿ, ಓದಿದ್ದು ಅದೇ ಕಾಲೇಜಿನಲ್ಲಿ. ಕಾಲೇಜ್ ರೋಡಿನ ತಮ್ಮ ಮನೆಯ ಹಿಂದಿದ್ದ ಬಂಡಿಕೇರಿಗೆ ಹುಡುಗನಾಗಿದ್ದಾಗ ಹೋಗಿ, ಅಲ್ಲಿಯ ಕುರುಬರ ಬದುಕನ್ನು ಕಂಡದ್ದು ತಮಗೆ ಬೇರೆ ಸಂಸ್ಕೃತಿಯೊಂದರ ಮೊದಲ ಆಘಾತವಾಗಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಹಿತ್ತಿಲ ಗೋಡೆ ದಾಟಿದರೆ ಪರದೇಶ. ಚಾಮರಾಜಪುರಂ ಸ್ಟೇಷನ್ನಿನಲ್ಲಿ ಚಾಮರಾಜನಗರದ ರೈಲು ಹತ್ತಿದರೆ ಮುಂದಿನ ನಿಲ್ದಾಣ ಅಶೋಕಪುರಂ. ಒಂದು ಕಾಲಕ್ಕೆ ಆದಿಕರ್ನಾಟಕಪುರ ಅಂತ ಕರೆಸಿಕೊಳ್ಳುತ್ತಿದ್ದ, ಮೈಸೂರು ದಲಿತರ ದೊಡ್ಡ ನೆಲೆ ಅದು. ಎರಡು ಸ್ಟೇಷನ್ನುಗಳ ನಡುವೆ ಕೂತ ಸೀಟು ಬಿಸಿಯಾಗುವಷ್ಟೂ ಹೊತ್ತು ಹಿಡಿಯುವುದಿಲ್ಲ. ಮೈಸೂರಿನ ಸಮಾಜಶಾಸ್ತ್ರ ಈ ಒಂದು ನಿಲ್ದಾಣವನ್ನು ದಾಟಲು ಎಷ್ಟು ಕಾಲ ತೆಗೆದುಕೊಂಡಿತು ಅನ್ನುವುದು ನನ್ನ ಪ್ರಶ್ನೆ.

1948. ಶ್ರೀನಿವಾಸ್ ಆಕ್ಸ್‌ಫರ್ಡಿನ ಹೊಸ ನೌಕರಿಯಲ್ಲಿ ಕ್ಷೇತ್ರಕಾರ್ಯಕ್ಕೆಂದು ಸಿಕ್ಕ ಬಿಡುವಿನಲ್ಲಿ ಮೈಸೂರು ಸೀಮೆಯ ಒಂದು ಊರಿಗೆ ಬರುತ್ತಾರೆ. ಬರವಣಿಗೆಯಲ್ಲಿ ಅದರ ಹೆಸರು ರಾಂಪುರ. ನಿಜದಲ್ಲಿ ಮೈಸೂರು ಜಿಲ್ಲೆಯ ಕೊಡಗಹಳ್ಳಿ. ಅವರು ಆ ಊರನ್ನು ಆರಿಸಿಕೊಂಡ ಕಾರಣಗಳಲ್ಲಿ ಅದು ತಮ್ಮ ಪೂರ್ವಿಕರ ಊರಿನ ಸೀಮೆಯಲ್ಲೇ ಇರುವುದೂ ಒಂದು. ಆಗಿನ ಬ್ರಿಟಿಷ್ ಮಾನವಶಾಸ್ತ್ರದ ಪ್ರಕಾರ ವಿನ್ಯಾಸ ಸರಳ: ಒಂದೇ ಊರು, ಒಬ್ಬನೇ ಸಂಶೋಧಕ, ಒಂದು ವರ್ಷ, ಜನರ ಜೊತೆಯಲ್ಲೇ ವಾಸ, ಕಂಡದ್ದೆಲ್ಲ ಟಿಪ್ಪಣಿ. ಇದಕ್ಕೆ ಸಹಭಾಗಿ ಅವಲೋಕನ ಅಂತ ಹೆಸರು. ಪುಸ್ತಕಗಳನ್ನು ಓದಿ ಜಾತಿಯ ಬಗ್ಗೆ ಬರೆಯುತ್ತಿದ್ದ ಪಂಡಿತರ ಕಾಲದಲ್ಲಿ, ಪುಸ್ತಕ ಮುಚ್ಚಿ ಊರಿಗೆ ಹೋಗಿ ನೋಡಿ ಎಂದದ್ದು ದೊಡ್ಡ ಹೆಜ್ಜೆಯೇ. ಮನುಸ್ಮೃತಿಯಲ್ಲಿ ಬರೆದಂತೆ ಜಾತಿ ನಡೆಯುವುದಿಲ್ಲ, ಅದು ಗದ್ದೆಯಲ್ಲಿ, ಓಟಿನಲ್ಲಿ, ಸಾಲದ ಪತ್ರದಲ್ಲಿ ನಡೆಯುತ್ತದೆ ಅಂತ ತೋರಿಸಿಕೊಟ್ಟದ್ದಕ್ಕೆ ನಾವು ಅವರಿಗೆ ಋಣಿಗಳು. ಇದನ್ನು ಹೇಳದೆ ಬೈಯುವುದು ನ್ಯಾಯವಲ್ಲ.

ಜನರ ಜೊತೆಯಲ್ಲಿ ಅಂದರೆ ಯಾವ ಜನರ ಜೊತೆಯಲ್ಲಿ? ಶ್ರೀನಿವಾಸ್ ಇಳಿದುಕೊಂಡದ್ದು ಊರಿನ ಪಟೇಲರಿಗೆ ಸೇರಿದ ಎತ್ತಿನ ಮನೆಯಲ್ಲಿ. ಪಟೇಲರು ಒಕ್ಕಲಿಗರು, ಊರಿನ ದೊಡ್ಡ ಜಮೀನುದಾರರು. ಅಡುಗೆಗೆ ಬ್ರಾಹ್ಮಣನೇ ಆಗಬೇಕು. ಕ್ಷೌರ ಮೊದಲೋ ಸ್ನಾನ ಮೊದಲೋ ಅನ್ನುವುದನ್ನೂ ಊರಿನ ಹಿರಿಯರು ಗಮನಿಸುತ್ತಾರೆ, ಅಯ್ಯಂಗಾರರ ಮನೆಯವನು ಅಯ್ಯಂಗಾರರ ಹಾಗೆ ಇರಲಿ ಅಂತ ಬಯಸುತ್ತಾರೆ. ಬಂದವರು ಕೂರುವುದು ಆ ಮನೆಯ ಜಗಲಿಯಲ್ಲಿ. ಅಲ್ಲಿಗೆ ಯಾರು ಬರಬಹುದು, ಬಂದವರು ಎಲ್ಲಿ ನಿಲ್ಲಬೇಕು, ಪಟೇಲರ ಕಿವಿಗೆ ಬೀಳುವಂಥ ಜಾಗದಲ್ಲಿ ಏನು ಮಾತಾಡಬಹುದು ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ತಾವು ಕಂಡದ್ದು ಮೇಲ್ಜಾತಿಯವರ ಕಣ್ಣಿನ ಊರು, ಹರಿಜನರ ಅಥವಾ ಮುಸ್ಲಿಮರ ಬೀದಿಯಲ್ಲಿ ವಾಸವಾಗಿದ್ದರೆ ಚಿತ್ರ ಬೇರೆಯಾಗುತ್ತಿತ್ತು ಎಂದು ಶ್ರೀನಿವಾಸ್ ಆಮೇಲೆ ತಾವೇ ಒಪ್ಪಿಕೊಂಡಿದ್ದಾರೆ. ದೊಡ್ಡ ಮನಸ್ಸಿನ ಮಾತು. ಅವರ ಶಿಷ್ಯರು ಈ ಮಾತನ್ನು ಬಹಳ ಮೆಚ್ಚುತ್ತಾರೆ.

ನನಗೆ ಇಲ್ಲೇ ತಕರಾರು. ನಮ್ಮ ಪ್ರಬಂಧಗಳಲ್ಲಿ 'ಅಧ್ಯಯನದ ಮಿತಿಗಳು' ಅಂತ ಒಂದು ಪುಟ ಇರುತ್ತದೆ. ಸಮಯ ಸಾಲಲಿಲ್ಲ, ಹಣ ಸಾಲಲಿಲ್ಲ, ಮಾಹಿತಿದಾರರು ಸಹಕರಿಸಲಿಲ್ಲ ಅಂತ ಅದರಲ್ಲಿ ಬರೆದು ಕೈ ತೊಳೆದುಕೊಳ್ಳುತ್ತೇವೆ. ಎತ್ತಿನ ಮನೆಯನ್ನು ಆ ಪುಟಕ್ಕೆ ಹಾಕಲು ಬರುವುದಿಲ್ಲ. ಅದು ವಿನ್ಯಾಸವೇ. ಪಟೇಲರ ಆಸರೆ ಇಲ್ಲದೆ ಆ ಅಧ್ಯಯನ ನಡೆಯುತ್ತಲೇ ಇರಲಿಲ್ಲ, ಇದ್ದದ್ದರಿಂದಲೇ ಕೆಲವು ಸಂಗತಿ ಹತ್ತಿರದಿಂದ ಕಂಡವು, ಕೆಲವು ಕಾಣಲೇ ಇಲ್ಲ. ಕೇರಿಯವನೊಬ್ಬ ಪಿಎಚ್‌ಡಿಗೆಂದು ಅದೇ ಊರಿಗೆ 1948ರಲ್ಲಿ ಹೋಗಿದ್ದರೆ ಅವನು ಎಲ್ಲಿ ಇಳಿದುಕೊಳ್ಳುತ್ತಿದ್ದ? ಯಾರ ಜಗಲಿಯಲ್ಲಿ ಕೂತು ನೋಟ್‌ಬುಕ್ ತೆಗೆಯುತ್ತಿದ್ದ? ಸಹಭಾಗಿ ಅವಲೋಕನ ಎಂಬ ವಿಧಾನಕ್ಕೇ ಜಾತಿ ಇದೆ ಅಂತ ನಾನು ಹೇಳುವುದು ಈ ಅರ್ಥದಲ್ಲಿ. ಎಲ್ಲ ಬೀದಿಯಲ್ಲೂ ಕೂತು ಏಳಬಲ್ಲ ಮನುಷ್ಯನೊಬ್ಬ ಇದ್ದಾನೆ ಅನ್ನುವುದು ಆ ವಿಧಾನದ ಹುಟ್ಟುನಂಬಿಕೆ. ನಮ್ಮ ಊರುಗಳಲ್ಲಿ ಅಂಥ ಮನುಷ್ಯ ಹುಟ್ಟುವುದಕ್ಕೇ ಬಿಡುವುದಿಲ್ಲ.

ಅದೇ 1948ನ್ನು ಇನ್ನೊಂದು ಕಡೆಯಿಂದ ನೋಡಿ. ಆ ವರ್ಷದ ನವೆಂಬರ್ 4ರಂದು ಬಾಬಾಸಾಹೇಬರು ಸಂವಿಧಾನದ ಕರಡನ್ನು ಸಭೆಯ ಮುಂದಿಟ್ಟು, ಹಳ್ಳಿ ಎನ್ನುವುದು ಸಂಕುಚಿತತೆಯ, ಅಜ್ಞಾನದ, ಕೋಮುತನದ ಕೊಂಪೆಯಲ್ಲದೆ ಇನ್ನೇನು ಅಂತ ಕೇಳಿ, ವ್ಯಕ್ತಿಯನ್ನು ಘಟಕವಾಗಿ ಆರಿಸಿಕೊಂಡದ್ದನ್ನು ಸಮರ್ಥಿಸಿಕೊಂಡರು. ಅವರ 'ದಿ ಅನ್‌ಟಚಬಲ್ಸ್' ಪುಸ್ತಕ ಹೊರಬಂದದ್ದೂ ಅದೇ ವರ್ಷ. ಒಬ್ಬರಿಗೆ ಹಳ್ಳಿ ಅಧ್ಯಯನದ ಘಟಕ; ಇನ್ನೊಬ್ಬರಿಗೆ ಹಳ್ಳಿಯನ್ನು ಘಟಕ ಅಂತ ಒಪ್ಪುವುದೇ ಸೋಲು. ಘಟಕದ ಆಯ್ಕೆ ಅಂತ ಸಿಲಬಸ್ಸಿನಲ್ಲಿ ಎರಡು ಗೆರೆಯಲ್ಲಿ ಮುಗಿಸುವ ವಿಷಯದಲ್ಲಿ ಎಷ್ಟು ದೊಡ್ಡ ರಾಜಕೀಯ ಇದೆ ಅಂತ ತೋರಿಸಲು ಇದಕ್ಕಿಂತ ಬೇರೆ ಪಾಠ ಬೇಡ. 'ಊರು' ಎಂಬ ಒಂದೇ ಪದದಲ್ಲಿ ಊರನ್ನೂ ಕೇರಿಯನ್ನೂ ಸೇರಿಸಿ ಒಂದು ಘಟಕ ಮಾಡುವುದು ಇಂಗ್ಲಿಷಿನಲ್ಲಿ ಸುಲಭ. ಕನ್ನಡದಲ್ಲಿ ನಾವು ಊರು-ಕೇರಿ ಅಂತ ಎರಡು ಮಾತು ಆಡುತ್ತೇವೆ. ಭಾಷೆಗೆ ಗೊತ್ತಿದ್ದದ್ದು ಶಾಸ್ತ್ರಕ್ಕೆ ಗೊತ್ತಾಗಲಿಲ್ಲ.

'ದಿ ಅನ್‌ಟಚಬಲ್ಸ್' ಪುಸ್ತಕವನ್ನು ನಮ್ಮವರು ಸಿದ್ಧಾಂತಕ್ಕಾಗಿ ಓದುತ್ತಾರೆ, ವಿಧಾನಕ್ಕಾಗಿ ಓದುವುದು ಕಡಿಮೆ. ಅಸ್ಪೃಶ್ಯತೆ ಹುಟ್ಟಿದ್ದು ಹೇಗೆ ಅನ್ನುವುದಕ್ಕೆ ನೇರ ಸಾಕ್ಷ್ಯ ಇಲ್ಲ. ಇಂಥ ಕಡೆ ತುಂಡಾದ ಕೊಂಡಿಗಳ ನಡುವೆ ಊಹೆಯ ಸೇತುವೆ ಕಟ್ಟಬೇಕಾಗುತ್ತದೆ, ಕಟ್ಟುತ್ತಿದ್ದೇನೆ ಅಂತ ಓದುಗರಿಗೆ ಹೇಳಿಯೇ ಕಟ್ಟಬೇಕು ಎಂದು ಅವರು ಮುನ್ನುಡಿಯಲ್ಲೇ ವಾದಿಸುತ್ತಾರೆ. ಜನಾಂಗಭೇದದಿಂದ ಅಸ್ಪೃಶ್ಯತೆ ಹುಟ್ಟಿತು ಅನ್ನುವ ವಾದವನ್ನು ಎತ್ತಿಕೊಂಡು, ಮೂಗು ಅಳೆದವರ ಅಂಕಿಗಳನ್ನೇ ಅವರ ಮುಂದೆ ಹಿಡಿದು, ಬ್ರಾಹ್ಮಣನ ಮೂಗಿಗೂ ಅಸ್ಪೃಶ್ಯನ ಮೂಗಿಗೂ ಜನಾಂಗದ ವ್ಯತ್ಯಾಸ ಇಲ್ಲ ಅಂತ ತೋರಿಸುತ್ತಾರೆ. ಆ ಅಳತೆಗಳನ್ನು ಅವರು ತೆಗೆದುಕೊಂಡದ್ದು ಜಿ.ಎಸ್. ಘುರ್ಯೆಯವರಿಂದ. ಬೊಂಬಾಯಿಯಲ್ಲಿ ಶ್ರೀನಿವಾಸರಿಗೆ ಪಾಠ ಹೇಳಿದ ಅದೇ ಘುರ್ಯೆ. ವೃತ್ತಿಯಿಂದ ಹುಟ್ಟಿತು ಅನ್ನುವ ವಾದವನ್ನೂ ಹೀಗೇ ಕೆಡವುತ್ತಾರೆ. ಆಮೇಲೆ ತಮ್ಮ ಊಹೆಯನ್ನು ಇಡುತ್ತಾರೆ. ಊಹೆಗೆ ಊಹೆ ಎದುರಿಟ್ಟು ಪರೀಕ್ಷಿಸುವ ಈ ಕ್ರಮವನ್ನು ಕಲಿಸಲು ನಮ್ಮ ಪಠ್ಯಪುಸ್ತಕಗಳು ಯಾವ ಯಾವ ದೇಶದ ಉದಾಹರಣೆಯನ್ನೋ ತರುತ್ತವೆ. ಇದು ಮನೆಯಲ್ಲೇ ಇದೆ. ಅವರ ತೀರ್ಮಾನವನ್ನು ಒಪ್ಪಲೇಬೇಕು ಅಂತೇನಿಲ್ಲ, ನನಗೂ ಕೆಲವು ಅನುಮಾನ ಇವೆ. ವಿಧಾನವನ್ನು ಕಲಿಯದಿರುವುದು ಮಾತ್ರ ನಮಗೆ ನಷ್ಟ.

ಮತ್ತೆ ರಾಂಪುರಕ್ಕೆ ಬರೋಣ. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡಿನಲ್ಲಿ ಶ್ರೀನಿವಾಸರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ಹದಿನೆಂಟು ಇಪ್ಪತ್ತು ವರ್ಷ ವಿಂಗಡಿಸಿ ಬರೆದಿಟ್ಟ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ಮೂಲ ಟಿಪ್ಪಣಿಗಳು ದೆಹಲಿಯಲ್ಲಿ ಉಳಿದಿದ್ದವು. ನೆನಪಿನಿಂದಲೇ ಬರೆಯಿರಿ ಅಂತ ಸೋಲ್ ಟ್ಯಾಕ್ಸ್ ಧೈರ್ಯ ಹೇಳಿದರು. ಹಾಗೆ ಬರೆದದ್ದು 1976ರಲ್ಲಿ ಬಂದ 'ದಿ ರಿಮೆಂಬರ್ಡ್ ವಿಲೇಜ್'. ಓದುವುದಕ್ಕೆ ಬಹಳ ಚೆನ್ನಾದ ಪುಸ್ತಕ, ಸುಳ್ಳು ಹೇಳಬಾರದು. ಪಟೇಲರ ಗತ್ತು, ಕುಳ್ಳೇಗೌಡನ ಚಾಲೂಕುತನ ಎಲ್ಲ ಕಣ್ಣಿಗೆ ಕಟ್ಟುತ್ತವೆ. ನೆನಪು ಒಂದು ಸಂಶೋಧನಾ ವಿಧಾನ ಆಗಬಹುದೇ ಅಂತ ಪಂಡಿತರು ಆಗ ಬಹಳ ಚರ್ಚೆ ಮಾಡಿದರು. ನಾನು ಇಷ್ಟೇ ಕೇಳುತ್ತೇನೆ. ಇಪ್ಪತ್ತು ವರ್ಷದ ಮೇಲೆ ಮನುಷ್ಯನಿಗೆ ಯಾರ ಮುಖ ನೆನಪಿರುತ್ತದೆ? ಜೊತೆಯಲ್ಲಿ ಕೂತು ನಕ್ಕವರದ್ದು, ಮನೆಗೆ ಕರೆದವರದ್ದು, ಜಗಳ ಆಡಿದವರದ್ದು. ದೂರದಲ್ಲಿ ತಲೆ ಬಗ್ಗಿಸಿ ಹೋದವರ ಮುಖ ನೋಟ್‌ಬುಕ್ಕಿನಲ್ಲಿ ಅಂಕಿಯಾಗಿಯಾದರೂ ಉಳಿದೀತು, ನೆನಪಿನಲ್ಲಿ ಅದೂ ಇಲ್ಲ. ಬೆಂಕಿ ಟಿಪ್ಪಣಿಗಳನ್ನು ಸುಟ್ಟಿತು, ಎತ್ತಿನ ಮನೆಯ ಜಗಲಿ ಇನ್ನೊಂದು ಸಲ ಜರಡಿ ಹಿಡಿಯಿತು.

ಈ ಮಾತನ್ನು ನಾನೇನೂ ಮೊದಲು ಹೇಳುತ್ತಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಸಿ. ಪಾರ್ವತಮ್ಮನವರು 1978ರಲ್ಲೇ 'ಕಾಂಟ್ರಿಬ್ಯೂಷನ್ಸ್ ಟು ಇಂಡಿಯನ್ ಸೋಷಿಯಾಲಜಿ' ಪತ್ರಿಕೆಯಲ್ಲಿ ಈ ಪುಸ್ತಕವನ್ನು ವಿಮರ್ಶಿಸಿ, ಶೀರ್ಷಿಕೆಯಲ್ಲೇ ಅದನ್ನು ಬ್ರಾಹ್ಮಣೀಯ ಯಾತ್ರೆ ಎಂದು ಕರೆದರು. ದಲಿತ ಸಮುದಾಯದಿಂದ ಬಂದ ಹೆಂಗಸು, ಅದೇ ಮೈಸೂರಿನಲ್ಲಿ ಕೂತು, ದೇಶದ ಸಮಾಜಶಾಸ್ತ್ರದ ಯಜಮಾನರ ಪುಸ್ತಕಕ್ಕೆ ಹೀಗಂದದ್ದು ಸಣ್ಣ ಮಾತಲ್ಲ. ಆ ಸಂಚಿಕೆಯಲ್ಲಿ ಬರೆದವರು ಅನೇಕರು, ಶ್ರೀನಿವಾಸರು ಟೀಕೆಗಳಿಗೆ ಉತ್ತರವನ್ನೂ ಬರೆದರು. ಪಾರ್ವತಮ್ಮನವರು ಅಷ್ಟಕ್ಕೆ ನಿಲ್ಲದೆ ಪರಿಶಿಷ್ಟ ಜಾತಿ ಪಂಗಡಗಳ ಸಾಮಾಜಿಕ ಆರ್ಥಿಕ ಸ್ಥಿತಿಯ ಸಮೀಕ್ಷೆ ಮಾಡಿ 1984ರಲ್ಲಿ ಪ್ರಕಟಿಸಿದರು. ಟೀಕೆ ಮಾಡಿದವರೇ ಬೇರೆ ವಿನ್ಯಾಸವನ್ನು ಕೈಗೆತ್ತಿಕೊಂಡದ್ದು ಮುಖ್ಯ. ದಲಿತ ವಿಮರ್ಶೆಯ ಚರಿತ್ರೆ ಬರೆಯುವಾಗ ನಾವು ಕವಿಗಳಿಂದ ಶುರುಮಾಡುತ್ತೇವೆ, ಕತೆಗಾರರ ಹತ್ತಿರ ಬರುತ್ತೇವೆ, ಸಂಘಟನೆಯ ನಾಯಕರನ್ನು ನೆನೆಯುತ್ತೇವೆ. ಪಾರ್ವತಮ್ಮನವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ. ಯಾಕೆ? ಅವರು ಇಂಗ್ಲಿಷಿನಲ್ಲಿ ಬರೆದರು ಅಂತಲೋ, ಸಮಾಜಶಾಸ್ತ್ರ ನಮ್ಮ ಕಣ್ಣಿಗೆ ವಿಮರ್ಶೆ ಅಲ್ಲ ಅಂತಲೋ, ಹೆಂಗಸು ಅಂತಲೋ. ಮೂರೂ ಇರಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಶ್ರೀನಿವಾಸರು 1959ರಲ್ಲಿ ರಾಂಪುರದ ಪ್ರಬಲ ಜಾತಿಯ ಬಗ್ಗೆ ಬರೆದ ಲೇಖನ ನಮಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಸಂಖ್ಯೆ, ಜಮೀನು, ರಾಜಕೀಯ ಬಲ, ಜಾತಿ ಶ್ರೇಣಿಯಲ್ಲಿ ತೀರ ಕೆಳಗಿಲ್ಲದ ಸ್ಥಾನ, ಇವೆಲ್ಲ ಒಂದೇ ಜಾತಿಯ ಕೈಗೆ ಬಂದಾಗ ಊರಿನ ಪೊಲೀಸು, ಪಂಚಾಯ್ತಿ, ನ್ಯಾಯ ಎಲ್ಲ ಹೇಗೆ ಆ ಮನೆಯ ಅಂಗಳಕ್ಕೆ ಬರುತ್ತವೆ ಅನ್ನುವುದು ಪಟೇಲರ ಜಗಲಿಯಿಂದ ಚೆನ್ನಾಗಿಯೇ ಕಂಡಿತು. 1993ರ ಬದನವಾಳನ್ನು, 2000ದ ಕಂಬಾಲಪಲ್ಲಿಯನ್ನು ಸಂಸ್ಕೃತೀಕರಣದಿಂದ ವಿವರಿಸಲು ಆಗುವುದಿಲ್ಲ, ಪ್ರಬಲ ಜಾತಿ ಅನ್ನುವ ಪರಿಕಲ್ಪನೆಯಿಂದ ಅರ್ಧವಾದರೂ ಆಗುತ್ತದೆ. ಕಂಬಾಲಪಲ್ಲಿಯಲ್ಲಿ ಏಳು ಜನರನ್ನು ಸುಟ್ಟ ಮೊಕದ್ದಮೆಯಲ್ಲಿ ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕ್ಷೇತ್ರಕಾರ್ಯಕ್ಕೆ ಹೋಗುವ ನನ್ನ ಹುಡುಗರಿಗೆ ನಾನು ಇದನ್ನು ಹೇಳುತ್ತೇನೆ. ಕೋರ್ಟಿನಲ್ಲಿ, ನ್ಯಾಯಾಧೀಶರ ಮುಂದೆ ಹೇಳಲಾಗದ ಮಾತನ್ನು ನಿಮ್ಮ ಪ್ರಶ್ನಾವಳಿಗೆ, ಊರ ಮುಂದಿನ ಕಟ್ಟೆಯ ಮೇಲೆ, ಹೆಂಗೆ ಹೇಳ್ತಾರ್ರೋ? 'ಊರಲ್ಲಿ ಭೇದಭಾವ ಇದೆಯೇ' ಅನ್ನುವುದಕ್ಕೆ ನೂರಕ್ಕೆ ತೊಂಬತ್ತು 'ಇಲ್ಲ' ಬಂದರೆ ಅದು ಭೇದಭಾವ ಇಲ್ಲದ ಊರಲ್ಲ, ಪ್ರಬಲ ಜಾತಿ ಚೆನ್ನಾಗಿ ಕೆಲಸ ಮಾಡುತ್ತಿರುವ ಊರು.

ಒಂದೇ ಊರನ್ನು ನೋಡಿದರೆ ಸಾಲದು, ಎರಡು ಊರುಗಳನ್ನು ಎದುರುಬದುರು ಇಟ್ಟು ನೋಡಬೇಕು ಎಂದವರು ಸ್ಕಾರ್ಲೆಟ್ ಎಪ್ಸ್‌ಟೀನ್. 1954ರಿಂದ 56ರವರೆಗೆ ಮಂಡ್ಯ ಸೀಮೆಯ ಎರಡು ಊರುಗಳಲ್ಲಿದ್ದು, ಅವುಗಳಿಗೆ ವಂಗಲ, ದಲೇನ ಅಂತ ಹೆಸರಿಟ್ಟರು. ವಂಗಲದ ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು, ಕಬ್ಬು ಬಂತು. ದಲೇನದ ಜಮೀನು ಎತ್ತರದಲ್ಲಿದ್ದು ಒಣಗಿಯೇ ಉಳಿಯಿತು. ನೀರು ಬಂದ ಊರಿನಲ್ಲಿ ದುಡ್ಡು ಬಂತು, ಹಳೆಯ ಜಾತಿಸಂಬಂಧಗಳು ಅಲುಗಾಡಲಿಲ್ಲ. ಒಣ ಊರಿನವರು ಮಂಡ್ಯಕ್ಕೆ ಹೋಗಿ ನೌಕರಿ, ಗಾಡಿ, ವ್ಯಾಪಾರ, ಕಂಟ್ರಾಕ್ಟು ಹಿಡಿದರು, ಅಲ್ಲಿ ಹಳೆಯ ಸಂಬಂಧಗಳು ಸಡಿಲವಾದವು. ತೌಲನಿಕ ವಿನ್ಯಾಸಕ್ಕೆ ಇಷ್ಟು ಚೊಕ್ಕ ಉದಾಹರಣೆ ಸಿಗುವುದು ಅಪರೂಪ. ಹತ್ತಿರದ ಎರಡು ಊರು, ಅವೇ ಜಾತಿಗಳು, ಬೇರೆಯದ್ದು ನೀರೊಂದೇ. ಅಭಿವೃದ್ಧಿ ಆದರೆ ಜಾತಿ ತಾನಾಗೇ ಹೋಗುತ್ತದೆ ಅಂತ ಹೇಳುವವರಿಗೆ ಇದನ್ನು ಓದಿಸಬೇಕು. 1970ರಲ್ಲಿ ಅವರು ಮತ್ತೆ ಅದೇ ಊರುಗಳಿಗೆ ಬಂದು, ಉಳ್ಳವರ ಮತ್ತು ಇಲ್ಲದವರ ಅಂತರ ಇನ್ನೂ ಹಿಗ್ಗಿರುವುದನ್ನು ಕಂಡರು. ಇದಕ್ಕೆ ದೀರ್ಘಕಾಲಿಕ ಅಧ್ಯಯನ ಅಂತ ಹೆಸರು, ಇದಕ್ಕೂ ಹತ್ತು ಅಂಕ.

ಅವರು ವಂಗಲದಲ್ಲಿ ಬರೆದಿಟ್ಟ ಒಂದು ಘಟನೆ ನನ್ನನ್ನು ಬಿಟ್ಟು ಹೋಗುವುದಿಲ್ಲ. ಆದಿಕರ್ನಾಟಕರ ಹುಡುಗರು ನಾಟಕ ಆಡಲು ಹೊರಟರು. ನಾಟಕದಲ್ಲಿ ರಾಜ ಇದ್ದ, ರಾಜನಿಗೆ ಸಿಂಹಾಸನ ಬೇಕು. ಕೇರಿಯವನು ಸಿಂಹಾಸನದ ಮೇಲೆ, ಒಕ್ಕಲಿಗರು ನೆಲದ ಮೇಲೆ ಕೂತು ನೋಡುವುದೇ? ಊರವರು ತಕರಾರು ತೆಗೆದರು, ಕೇರಿಯವರಿಗೆ ಕೂಲಿ ನಿಲ್ಲಿಸಿದರು. ಎಪ್ಸ್‌ಟೀನರಿಗೆ ಇದು ಆರ್ಥಿಕ ಬದಲಾವಣೆಗೂ ಸಾಮಾಜಿಕ ಸಂಬಂಧಕ್ಕೂ ಇರುವ ನಂಟನ್ನು ತೋರಿಸುವ ಒಂದು ಪ್ರಕರಣ. ಸರಿ. ನನಗೆ ಅದು ಬೇರೆ ಥರ ಕಾಣುತ್ತದೆ. ಊರಿನ ಶ್ರೇಣಿಯನ್ನು ಒಂದು ರಾತ್ರಿಯ ಮಟ್ಟಿಗೆ ತಿರುಗಿಸಿಟ್ಟು ಏನಾಗುತ್ತದೆ ನೋಡಿದ ಆ ಹುಡುಗರು, ಗೊತ್ತಿಲ್ಲದೆಯೇ ಒಂದು ಪ್ರಯೋಗ ಮಾಡಿದರು. ಪ್ರಾಯೋಗಿಕ ವಿನ್ಯಾಸ ಅಂದರೆ ಒಂದು ಅಂಶವನ್ನು ಮಾತ್ರ ಬದಲಾಯಿಸಿ ಪರಿಣಾಮ ಗಮನಿಸುವುದು. 1927ರ ಮಹಾಡದ ಚೌದಾರ್ ಕೆರೆಯಿಂದ ಇವತ್ತಿನ ದೇವಸ್ಥಾನ ಪ್ರವೇಶದವರೆಗೆ ದಲಿತ ಚಳವಳಿ ಇದನ್ನೇ ಮಾಡುತ್ತಾ ಬಂದಿದೆ. ಕೆರೆ ಅದೇ, ನೀರು ಅದೇ, ಕುಡಿಯುವ ಕೈ ಮಾತ್ರ ಬೇರೆ. ಫಲಿತಾಂಶ ಬಂದು ತಲೆಗೆ ಬೀಳುತ್ತದೆ.

ಪ್ರಯೋಗದ ಇನ್ನೊಂದು ಬಗೆ ಸುಖದೇವ್ ಥೋರಟ್, ಪಾಲ್ ಅಟ್ಟೆವೆಲ್ ಅವರದ್ದು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಕೆಲಸದ ಜಾಹೀರಾತುಗಳಿಗೆ ಒಂದೇ ಥರದ ಓದು, ಒಂದೇ ಥರದ ಅನುಭವದ ಅರ್ಜಿಗಳು ಹೋದವು. ಹೆಸರು ಮಾತ್ರ ಬೇರೆ: ಒಂದು ಮೇಲ್ಜಾತಿ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ದಲಿತ ಹೆಸರಿಗೆ ಸಂದರ್ಶನದ ಕರೆ ಬರುವ ಸಂಭವ ಮೇಲ್ಜಾತಿ ಹೆಸರಿನ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಯಾರನ್ನೂ 'ನೀವು ಜಾತಿ ನೋಡ್ತೀರಾ' ಅಂತ ಕೇಳಲೇ ಇಲ್ಲ. ಕೇಳಿದ್ದರೆ ಎಲ್ಲರೂ ಮೆರಿಟ್ ಅನ್ನುತ್ತಿದ್ದರು.

ಚಾಮರಾಜಪುರಂನಲ್ಲಿ ಮನೆ ಹುಡುಕುವಾಗ ನಾನೂ ನನ್ನ ಒಬ್ಬ ಗೆಳೆಯನೂ ಇದನ್ನೇ ಸಣ್ಣದಾಗಿ ಮಾಡಿದೆವು. ಅವನು ಲಿಂಗಾಯತ, ನನ್ನ ಜೊತೆಯೇ ಪಾಠ ಮಾಡುವವನು, ಸಂಬಳವೂ ನನ್ನಷ್ಟೇ ಕಡಿಮೆ. ಒಂದೇ ಮನೆಗೆ ಬೆಳಿಗ್ಗೆ ನಾನು ಹೋದೆ. "ನಿಮ್ಮದು ಯಾವ ಊರು? ತಂದೆ ಏನ್ ಮಾಡ್ತಾರೆ? ಮನೇಲಿ ನಾನ್‌ವೆಜ್ಜಾ?" ಎಂದು ಶುರುವಾಗಿ, "ನಮ್ಮ ಮಗನ್ನೇ ಕೇಳ್ಬೇಕಪ್ಪ, ಫೋನ್ ಮಾಡ್ತೀವಿ" ಎಂದು ಮುಗಿಯಿತು. ಸಂಜೆ ಅವನು ಹೋದ. ಅವನಿಗೂ ಊರು ಕೇಳಿದರು, ಆಮೇಲೆ ಕಾಫಿ ಕೊಟ್ಟರು, ಅಡ್ವಾನ್ಸ್ ಎಷ್ಟು ಅಂತ ಹೇಳಿದರು. ಹೀಗೆ ಐದು ಮನೆ. ಐದು ಮನೆಯಿಂದ ಏನೂ ಸಿದ್ಧವಾಗುವುದಿಲ್ಲ, ಮಾದರಿ ತೀರ ಚಿಕ್ಕದು ಅಂತ ನನಗೂ ಗೊತ್ತು, ಅದನ್ನೇ ಅಲ್ಲವೇ ಪಾಠ ಮಾಡುವುದು. ಆದರೆ ಅಂಕಿ ಅಂದರೆ ನಮ್ಮ ಅನುಭವಕ್ಕೆ ಶತ್ರು ಅಂತ ಭಾಷಣ ಮಾಡುವ ಗೆಳೆಯರಿಗೆ ಇದನ್ನು ಹೇಳಬೇಕು. ಒಬ್ಬನಿಗೆ ಆದ ಅವಮಾನವನ್ನು 'ಅದು ನಿನ್ನ ಕೀಳರಿಮೆ ಕಣಯ್ಯ' ಅಂತ ತಳ್ಳಿಹಾಕುವುದು ಸುಲಭ. ಸಾವಿರ ಅರ್ಜಿಯ ಲೆಕ್ಕವನ್ನು ಹಾಗೆ ತಳ್ಳಲು ಆಗುವುದಿಲ್ಲ.

ಅಂಕಿಯನ್ನು ಹುಟ್ಟಿಸುವ ಪ್ರಶ್ನೆಯನ್ನು ಮಾತ್ರ ಕಣ್ಣಿಟ್ಟು ನೋಡಬೇಕು. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯವರು ನಲವತ್ತೆರಡು ಸಾವಿರ ಮನೆಗಳನ್ನು ಕೇಳಿದರು. ಮೊದಲ ಪ್ರಶ್ನೆ, ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರಾ? ಇಲ್ಲ ಎಂದವರಿಗೆ ಎರಡನೆಯ ಪ್ರಶ್ನೆ, ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ ಅಥವಾ ನಿಮ್ಮ ಪಾತ್ರೆ ಬಳಸಿದರೆ ಏನಾದರೂ ತೊಂದರೆ ಇದೆಯಾ? ಎರಡನ್ನೂ ಸೇರಿಸಿದಾಗ ನೂರಕ್ಕೆ 27 ಮನೆಗಳು ಒಪ್ಪಿಕೊಂಡವು. ಬ್ರಾಹ್ಮಣರ ಮನೆಗಳಲ್ಲಿ ಇದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಈ ಎರಡನೆಯ ಪ್ರಶ್ನೆಯನ್ನು ಬರೆದವರಿಗೆ ನಾನು ಕೈ ಮುಗಿಯುತ್ತೇನೆ. ಅಸ್ಪೃಶ್ಯತೆ ಎಂಬ ದೊಡ್ಡ ಪದದ ಮುಂದೆ ಎಲ್ಲರೂ ಗಾಂಧಿಯ ಮಕ್ಕಳು. ಲೋಟ ತಟ್ಟೆಯ ಹತ್ತಿರ ಬಂದಾಗ ನಿಜ ಬಾಯಿಗೆ ಬರುತ್ತದೆ. ಇದು ಒಪ್ಪಿಕೊಂಡವರ ಲೆಕ್ಕ ಅಷ್ಟೇ, ಅನುಭವಿಸಿದವರ ಲೆಕ್ಕ ಅಲ್ಲ ಅನ್ನುವುದನ್ನೂ ಮರೆಯಬಾರದು.

ನಮ್ಮ ಮನೆಬಾಗಿಲಿಗೇ ಬಂದ ಪ್ರಶ್ನೆ 2025ರದ್ದು. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮೇ ತಿಂಗಳಿಂದ ಮನೆಮನೆ ಸಮೀಕ್ಷೆ ಮಾಡಿಸಿತು. 27 ಲಕ್ಷಕ್ಕೂ ಹೆಚ್ಚು ಕುಟುಂಬ, ಒಂದು ಕೋಟಿ ಏಳು ಲಕ್ಷ ಜನ. ಸಮೀಕ್ಷೆಯ ಗಂಟು ಇದ್ದದ್ದು ಒಂದು ಹೆಸರಿನಲ್ಲಿ. ಮೈಸೂರು ಸಂಸ್ಥಾನದಲ್ಲಿ 1920ರ ದಶಕದಲ್ಲಿ ಪಂಚಮ ಅನ್ನುವುದರ ಬದಲು ಮರ್ಯಾದೆಯ ಹೆಸರಾಗಿ ಬಂದ ಆದಿಕರ್ನಾಟಕ ಎಂಬುದರಲ್ಲಿ ಹೊಲೆಯರೂ ಇದ್ದಾರೆ, ಮಾದಿಗರೂ ಇದ್ದಾರೆ. ಮೂಲ ಜಾತಿ ಯಾವುದು ಹೇಳಿ ಅಂತ ಮೇಷ್ಟ್ರು ಮೊಬೈಲ್ ಹಿಡಿದು ನಮ್ಮ ಕೇರಿಗೆ ಬಂದಾಗ ನಮ್ಮ ದೊಡ್ಡವ್ವ, "ಎಕೆ ಅಂತ ಬರ್ಕಳಿ ಸಾಮಿ, ಅಷ್ಟೆಯ" ಎಂದಳು. ಅವರು ಇನ್ನೂ ಕೆದಕಿ ಕೇಳಿದರು. "ಊರೋರೆಲ್ಲ ಬೋಯ್ಯೋವಾಗ ಯಾನಂತ ಕರೀತಾರೆ ಅಂತ ನಿಮ್ಗೊತ್ತಿಲ್ವಾ? ಅದ ನನ್ನ ಬಾಯಲ್ಲೆ ಅನ್ನುಸ್ಬೇಕಾ?" ಎಂದು ಸೆರಗು ಕೊಡವಿಕೊಂಡು ಒಳಗೆ ಹೋದಳು. ಬೈಗುಳವಾಗಿ ಕೇಳಿಸಿಕೊಂಡ ಹೆಸರನ್ನೇ ಹಕ್ಕಿಗಾಗಿ ಬರೆಸಬೇಕು. ಬರೆಸದಿದ್ದರೆ ಪಾಲು ಸಿಗುವುದಿಲ್ಲ. ಮಾದಿಗ ಸಮುದಾಯದವರು ಮೂವತ್ತು ವರ್ಷ ಹೋರಾಡಿದ್ದು ಈ ಲೆಕ್ಕಕ್ಕಾಗಿಯೇ, ಅವರ ಕೇಳಿಕೆ ನ್ಯಾಯವಾದದ್ದು. ದೊಡ್ಡವ್ವನ ಸಿಟ್ಟೂ ನ್ಯಾಯವಾದದ್ದೇ. ಪ್ರಶ್ನಾವಳಿಯಲ್ಲಿ ಒಂದಕ್ಕೆ ಮಾತ್ರ ಕಾಲಂ ಇತ್ತು.

ಆಯೋಗ ಆಗಸ್ಟ್ 4ರಂದು ವರದಿ ಕೊಟ್ಟಾಗ ಐದು ಗುಂಪು ಮಾಡಿ, ಮೂಲ ಜಾತಿ ಹೇಳದೆ ಆದಿಕರ್ನಾಟಕ, ಆದಿದ್ರಾವಿಡ, ಆದಿಆಂಧ್ರ ಅಂತಲೇ ಬರೆಸಿದವರಿಗೆ ಕೊನೆಯ ಗುಂಪಿನಲ್ಲಿ ಶೇಕಡ 1 ಇಟ್ಟಿತು. ಇದನ್ನು ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಕಣ್ಣರಳಿಸಿ ನೋಡಬೇಕು. ಒಂದು ಪ್ರಶ್ನೆಗೆ ಉತ್ತರ ಕೊಡದೆ ಉಳಿದವರು ಒಂದು ಸಾಮಾಜಿಕ ಗುಂಪಾಗಿಬಿಟ್ಟರು! ಅವರ ನಡುವೆ ಮದುವೆ ಇಲ್ಲ, ದೇವರು ಒಂದಲ್ಲ, ಕಸುಬು ಒಂದಲ್ಲ, ಸಮೀಕ್ಷೆಯ ಆ ಒಂದು ಖಾನೆ ಬಿಟ್ಟರೆ ಇನ್ನೇನೂ ಒಂದಲ್ಲ. ಆಗಸ್ಟ್ 19ರ ಸಚಿವ ಸಂಪುಟ ಐದನ್ನು ಮೂರು ಮಾಡಿ 6, 6, 5 ಎಂದು ಹಂಚಿತು. ಅದರಿಂದ ಅಲೆಮಾರಿಗಳಿಗೆ ಆದ ಅನ್ಯಾಯದ ಬಗ್ಗೆ ಬೇರೆಯೇ ಬರೆಯಬೇಕು. ವಿನ್ಯಾಸದ ಪಾಠ ಇಷ್ಟು: ವರ್ಗೀಕರಣ ಸಮಾಜವನ್ನು ತೋರಿಸುವುದಷ್ಟೇ ಅಲ್ಲ, ಸಮಾಜವನ್ನು ಹೊಸದಾಗಿ ಹೊಲಿಯುತ್ತದೆ.

ಗೋಪಾಲ್ ಗುರು 2002ರಲ್ಲಿ ಭಾರತದ ಸಮಾಜವಿಜ್ಞಾನದಲ್ಲಿ ಸಿದ್ಧಾಂತದ ಬ್ರಾಹ್ಮಣರು, ಮಾಹಿತಿಯ ಶೂದ್ರರು ಅಂತ ಎರಡು ಜಾತಿ ಇವೆ ಎಂದು ಬರೆದರು. ಅದನ್ನು ಓದುವ ಮೊದಲೇ ನಮ್ಮ ಹುಡುಗರಿಗೆ ಅನುಭವದಿಂದ ಗೊತ್ತಿತ್ತು. ದಲಿತ ವಿದ್ಯಾರ್ಥಿ ಎಂ.ಎ. ಕಿರುಪ್ರಬಂಧಕ್ಕೆ ವಿಷಯ ಕೇಳಲು ಹೋದರೆ ಸಿದ್ಧವಾಗಿರುವ ಉತ್ತರ ಒಂದೇ, "ನಿಮ್ಮ ತಾಲ್ಲೂಕಿನ ಪರಿಶಿಷ್ಟ ಜಾತಿಯವರ ಸಾಮಾಜಿಕ ಆರ್ಥಿಕ ಸ್ಥಿತಿಗತಿ, ಒಂದು ಅಧ್ಯಯನ, ಮಾಡಯ್ಯ". ನೂರು ಮಾಹಿತಿದಾರರು, ನಲವತ್ತು ಪ್ರಶ್ನೆ, ಶೇಕಡಾವಾರು ಕೋಷ್ಟಕ. ಎಷ್ಟು ಮನೆಗೆ ಶೌಚಾಲಯ ಇದೆ, ಎಷ್ಟು ಜನ ಕುಡಿಯುತ್ತಾರೆ. ವಿವರಣಾತ್ಮಕ ವಿನ್ಯಾಸ ನಮ್ಮ ಪಾಲಿಗೆ ಬಿಟ್ಟ ಕೇರಿ. ಯಾಕೆ ಅನ್ನುವ ಪ್ರಶ್ನೆ ಕೇಳುವ ವಿನ್ಯಾಸಗಳು ಬೇರೆಯವರ ಪಾಲು. ನಮ್ಮವರೂ ಇದನ್ನು ಕೆಲವು ಸಲ ಹೆಮ್ಮೆಯಿಂದ ಒಪ್ಪಿಕೊಂಡುಬಿಡುತ್ತಾರೆ. ಅನುಭವ ನಮ್ಮದು, ಅದೇ ಸಾಕು, ವಿಧಾನ ಗಿಧಾನ ಎಲ್ಲ ವೈದಿಕರ ಹುನ್ನಾರ ಅನ್ನುತ್ತಾರೆ. ಈ ಮಾತು ಕೇಳಲು ಚೆನ್ನ, ಇದರಿಂದ ಲಾಭ ಆಗುವುದು ಅವರಿಗೇ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಇವುಗಳನ್ನು ಕಣ್ಣೀರಿಗೆ, ನಗೆಗೆ ಓದಿ ಮುಚ್ಚಿಡುವ ಬದಲು, ಕೇರಿಯ ಕಡೆಯಿಂದ ಊರನ್ನು ನೋಡಿದ ಕ್ಷೇತ್ರಟಿಪ್ಪಣಿಗಳೆಂದು ಓದಿ ಅವುಗಳಿಂದ ಪ್ರಶ್ನೆಗಳನ್ನು ಎತ್ತಿದರೆ ಎಷ್ಟು ಪ್ರಬಂಧ ಆಗಬಹುದು.

ಸಮಾಜಶಾಸ್ತ್ರ ಯಾವಾಗಲೂ ಕೆಳಗೆ ನೋಡಿ ಎಣಿಸಿದೆ. ಅಗ್ರಹಾರದ ಅಡುಗೆಮನೆಯನ್ನು, ಪಟೇಲರ ಲೆಕ್ಕದ ಪುಸ್ತಕವನ್ನು, ಬಾಡಿಗೆಗಿದೆ ಬೋರ್ಡಿನ ಹಿಂದಿನ ಮನಸ್ಸನ್ನು ಕೇರಿಯಿಂದ ಬಂದ ಸಂಶೋಧಕ ಎಣಿಸಿದ್ದು ಕಡಿಮೆ. ಈ ವರ್ಷ ನನ್ನ ತರಗತಿಯ ಒಬ್ಬಳು ಹುಡುಗಿ ಇದನ್ನು ಮಾಡುತ್ತೇನೆ ಅಂತ ಹೊರಟಿದ್ದಾಳೆ. ಅವಳ ಮನೆ ಅಶೋಕಪುರಂ. ಚಾಮರಾಜಪುರಂ, ಲಕ್ಷ್ಮೀಪುರಂ, ಅಗ್ರಹಾರದ ಬೀದಿಗಳಲ್ಲಿ ಮನೆಗಳ ಪಟ್ಟಿ ಮಾಡಿ, ಹತ್ತಕ್ಕೊಂದರಂತೆ ಆರಿಸಿ, ಬಾಗಿಲು ತಟ್ಟಿ, ಲೋಟ ತಟ್ಟೆಯ ಪ್ರಶ್ನೆ ಕೇಳುವುದು. ಅರ್ಧ ಮನೆಗೆ ಅವಳು ಹೋಗುವುದು, ಇನ್ನರ್ಧ ಮನೆಗೆ ಅವಳ ಬ್ರಾಹ್ಮಣ ಗೆಳತಿ ಹೋಗುವುದು, ಉತ್ತರಗಳನ್ನು ಹೋಲಿಸುವುದು. ವಿನ್ಯಾಸ ಅವಳದ್ದೇ, ನಾನು ಹೇಳಿಕೊಟ್ಟದ್ದಲ್ಲ. ಫಾರಂ ತೋರಿಸಲು ಬಂದವಳು, "ಸರ್, ನಾನು ಹೋದ ಮನೇಲಿ ಬಾಗ್ಲೇ ತೆಗೀಲಿಲ್ಲ ಅಂದ್ರೆ?" ಎಂದಳು. ಅದಕ್ಕೊಂದು ಕಾಲಂ ಹಾಕ್ಕೋ ಎಂದೆ. ಅವಳು ಪೆನ್ನು ತೆಗೆದು ಎರಡು ಕಾಲಂ ಹಾಕಿಕೊಂಡಳು, ಬಾಗಿಲು ತೆಗೆಯಲಿಲ್ಲ ಅಂತ ಒಂದು, ತೆಗೆದು ಹೆಸರು ಕೇಳಿ ಹಾಕಿಕೊಂಡರು ಅಂತ ಇನ್ನೊಂದು.